ಪುಟ್ಟ ಕಾರಿನ ಡಿಕ್ಕಿಯಲ್ಲಿ ಸಂಡೂರಿನ ಗುಡ್ಡ

ಕಾರಿನ ಕಿಟಕಿಯಿಂದ ಹೊರಗೆ ನೋಡಿದಾಗ ನನಗೆ ಕಂಡದ್ದು ಹತ್ತು ನಟ್ಟುಗಳು. ಎಣಿಸಿದ್ದೇನೆ. ಅದಿರು ಹೊತ್ತ ಲಾರಿಯೊಂದರ ಚಕ್ರ ನನ್ನ ಕಿವಿಯ ಎತ್ತರಕ್ಕೆ ಬಂದು ನಿಂತಿತ್ತು. ಮುಂದೆ ಲಾರಿ, ಹಿಂದೆ ಲಾರಿ, ಎಡಕ್ಕೆ ಕೆಂಪು ಧೂಳು. ಆಕಾಶ ಎಲ್ಲಿದೆಯೆಂದು ನೋಡಲು ಸ್ಟಿಯರಿಂಗಿನ ಮೇಲೆ ಗದ್ದ ಊರಬೇಕಾಯಿತು. ಜೂನ್ ಹನ್ನೆರಡು, ಹೊಸಪೇಟೆಯಲ್ಲಿ ನನ್ನ ಮೊದಲ ದಿನ. ಅಂದು ಡೈರಿಯಲ್ಲಿ ಬರೆದುಕೊಂಡದ್ದು ಇಷ್ಟೇ: "ಸಾಲಿನಲ್ಲಿ ನಿಂತದ್ದು ಐವತ್ತು ನಿಮಿಷ. ಎದುರಿನಿಂದ ಬಂದ ಲಾರಿ ಎಂಬತ್ತೊಂದು. ನನ್ನದರಷ್ಟು ಚಿಕ್ಕ ಕಾರು, ಸೊನ್ನೆ."

ಮೈಸೂರಿನಲ್ಲಿ ಇದೇ ಕಾರಿಗೆ ಒಂದು ಮರ್ಯಾದೆ ಇತ್ತು. ಅಪ್ಪನ ಸ್ನೇಹಿತರೊಬ್ಬರು ಜೋಪಾನವಾಗಿ ಓಡಿಸಿ ನನಗೆ ಕೊಟ್ಟ ಬಿಳಿ ಕಾರು. ನಾಲ್ಕು ಜನ ಕೂತರೆ ಮೊಣಕಾಲು ತಾಗುತ್ತಿತ್ತು, ಆದರೆ ನಮ್ಮ ಸರಸ್ವತಿಪುರಂನ ರಸ್ತೆಯಲ್ಲಿ ಅದನ್ನು ಯಾರೂ ಚಿಕ್ಕದು ಎಂದಿರಲಿಲ್ಲ. ಲೀಟರಿಗೆ ಹದಿನೆಂಟು ಕಿಲೋಮೀಟರ್ ಕೊಡುತ್ತದೆ ಎಂದರೆ ಹಿರಿಯರು ತಲೆದೂಗುತ್ತಿದ್ದರು. ಇಲ್ಲಿ ಗಣಿಯ ಕಾಲ. ನೆಲದಿಂದ ಮೊಳದೆತ್ತರ ನಿಲ್ಲುವ ಜೀಪುಗಳದ್ದೇ ದರ್ಬಾರು. ನನ್ನ ಕಾರು ಮೂರನೆಯ ದಿನಕ್ಕೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಜೊತೆಗೆ ಅದಕ್ಕೊಂದು ಹೆಸರೂ ಬಂತು.

ಹೆಸರಿಟ್ಟವರು ನನ್ನ ಮನೆಯ ಮಾಲೀಕರಾದ ಗಂಗಮ್ಮನವರು. ಅವರ ಯಜಮಾನರದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಹೊಸಪೇಟೆಯ ಹಳೆಯ ಓಣಿಯೊಂದರಲ್ಲಿ ದೊಡ್ಡ ಮನೆ, ಅದರ ಮಹಡಿಯಲ್ಲಿ ನನ್ನ ಒಂದು ಕೋಣೆ. ಮೊದಲ ಸಂಜೆ ಕಾರನ್ನು ಸುತ್ತು ಹಾಕಿ ನೋಡಿದರು.

"ಏನವಾ ಇದು, ಕಾರೋ ಇಲಿಮರಿಯೋ? ಇದರಾಗ ಕುಂದ್ರಾಕ ಬರ್ತೈತೇನು?"

"ಬನ್ನಿ ಅಮ್ಮ, ಆರಾಮಾಗಿ ಕೂತ್ಕೋಬಹುದು."

"ಬನ್ನಿ ಅಂತ!" ಎಂದು ನಕ್ಕರು. "ಬರ್ರಿ ಅನ್ನು ತಂಗಿ. ಬನ್ನಿ ಅಂದ್ರ ನಮಗ ಬನ್ನಿ ಗಿಡ ನೆನಪಾಗ್ತೈತಿ."

ಗಂಗಮ್ಮನವರು ದೊಡ್ಡ ಮೈಯವರು. ಕಾರು ಹತ್ತಲು ಅವರೇ ಒಂದು ಕ್ರಮ ಕಂಡುಕೊಂಡರು. ಮೊದಲು ಬೆನ್ನು ತಿರುಗಿಸಿ ಕೂರುವುದು, ಆಮೇಲೆ ಶಿವನನ್ನು ನೆನೆದು ಕಾಲುಗಳನ್ನು ಒಂದೊಂದಾಗಿ ಒಳಗೆ ತರುವುದು. ಸೋಮವಾರಗಳಲ್ಲಿ ಸಂಜೆ ಅವರನ್ನು ಹಂಪಿಗೆ ಕರೆದೊಯ್ಯುತ್ತಿದ್ದೆ. ದಾರಿಯಲ್ಲಿ ಹಳೆಯ ಕಲ್ಲಿನ ಬಾಗಿಲೊಂದಿದೆ. ಪ್ರವಾಸಿಗರ ಬಸ್ಸುಗಳು ಅಲ್ಲಿ ಹಿಂದೆ ಮುಂದೆ ಮಾಡಿ ಬೆವರುವಾಗ ನಾವು ಪಕ್ಕದಲ್ಲಿ ನುಸುಳಿ ಹೋಗುತ್ತಿದ್ದೆವು. ಗಂಗಮ್ಮನವರು ಬಸ್ಸಿನವರಿಗೆ ಕೈಬೀಸುತ್ತಿದ್ದರು. ದೇವರ ದರ್ಶನವಾದ ಮೇಲೆ ಹಂಪಿ ಬಜಾರಿನ ಕಲ್ಲಿನ ಮಂಟಪದ ಕಟ್ಟೆಯ ಮೇಲೆ ಕೂತು ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದೆವು. ನಮ್ಮಲ್ಲಿ ಒಗ್ಗರಣೆ ಎಂದರೆ ಸಾರಿಗೆ ಹಾಕುವುದು. ಇಲ್ಲಿ ಅದು ಮಂಡಕ್ಕಿಯ ತಿಂಡಿ, ತಟ್ಟೆ ತುಂಬ ಕೊಡುತ್ತಾರೆ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ಮೊದಲ ಸಲ ಎರಡು ಬಜ್ಜಿ ತಿಂದು ಮೂರು ಲೋಟ ನೀರು ಕುಡಿದೆ. ಆರನೆಯ ಸಲಕ್ಕೆ ನಾಲ್ಕು ಬಜ್ಜಿ, ಒಂದು ಲೋಟ. ಅದನ್ನೂ ಬರೆದಿಟ್ಟಿದ್ದೇನೆ.

ಮೊದಲ ತಿಂಗಳು ಕೆಲಸದ ಹೊರಗೆ ನಾನು ಮಾತಾಡಿದ ಜನ ಒಟ್ಟು ಆರು. ಅವರಲ್ಲಿ ಒಬ್ಬ ಪೆಟ್ರೋಲ್ ಬಂಕಿನವನು. ಅವನು ಕೇಳುತ್ತಿದ್ದುದು "ಎಷ್ಟು ಹಾಕ್ಲಿ ಮೇಡಂ?" ಎಂದಷ್ಟೇ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೆ. ಬೇಸರವಾದ ಸಂಜೆ ಕಾರಿನಲ್ಲಿ ಕೂತು ಕಾಲುವೆಯ ದಾರಿಯಲ್ಲಿ ಕಂಪ್ಲಿಯ ಕಡೆ ಹೋಗುತ್ತಿದ್ದೆ. ಕೆಲಸಕ್ಕೆ ಹೋಗುವ ಸಂಡೂರಿನ ಕೆಂಪು ಕಣ್ಣಿಂದ ಇಳಿಯಬೇಕಾದರೆ ಕಂಪ್ಲಿಯ ಭತ್ತದ ಹಸಿರನ್ನೇ ನೋಡಬೇಕು.

ಡೈರಿಯ ಕೊನೆಯ ಪುಟಗಳಲ್ಲಿ ಕಾರಿನ ಪರ ಒಂದು ಸಾಲು, ವಿರೋಧ ಒಂದು ಸಾಲು ಬರೆಯುತ್ತ ಬಂದಿದ್ದೆ. ಪರದಲ್ಲಿ: ಓಣಿಯಲ್ಲಿ ತಿರುಗುತ್ತದೆ, ಮಾರ್ಕೆಟಿನಲ್ಲಿ ಎರಡು ತಳ್ಳುಗಾಡಿಗಳ ನಡುವೆ ನಿಲ್ಲುತ್ತದೆ, ಪೆಟ್ರೋಲು ಕಡಿಮೆ ಕುಡಿಯುತ್ತದೆ, ಲಾರಿ ಸಾಲಿನ ಪಕ್ಕದ ಮಣ್ಣಿನಲ್ಲಿ ನುಸುಳುತ್ತದೆ. ವಿರೋಧದಲ್ಲಿ: ಹಾರ್ನ್ ಯಾರಿಗೂ ಕೇಳಿಸುವುದಿಲ್ಲ, ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಧೂಳು, ಸಂಡೂರಿನ ಗೇಟಿನ ಕಾವಲುಗಾರ ನನ್ನನ್ನು ಅಡ್ರೆಸ್ ತಪ್ಪಿ ಬಂದವಳೆಂದು ತಿಳಿಯುತ್ತಾನೆ. ಜುಲೈ ಕೊನೆಗೆ ಪರ ಹನ್ನೊಂದು, ವಿರೋಧ ಏಳು.

ಆಗಸ್ಟಿನಿಂದ ವಿರೋಧ ಬೆಳೆಯತೊಡಗಿತು. ಮೈಲೇಜ್ ಹದಿನೆಂಟರಿಂದ ಹದಿನಾರಕ್ಕೆ, ಆಮೇಲೆ ಹದಿನಾಲ್ಕಕ್ಕೆ ಇಳಿಯಿತು. ಪ್ರತಿ ರಸ್ತೆಯುಬ್ಬಿಗೂ ಕಾರಿನ ಹೊಟ್ಟೆ ಉಜ್ಜುತ್ತಿತ್ತು. ಸಂಡೂರಿನ ಘಾಟಿ ಏರುವಾಗ ಉಸಿರುಗಟ್ಟಿದಂತೆ ಏದುತ್ತಿತ್ತು. ಮುಸ್ಸಂಜೆ ದೀಪ ಹಾಕಿದರೆ ಎದುರಿನ ಲಾರಿಯವರು ಕಣ್ಣಿಗೆ ಹೊಡೆಯುತ್ತದೆಂದು ಬೈಯುತ್ತಿದ್ದರು. ಮೆಕ್ಯಾನಿಕ್ ಎರಡು ಸಲ ಬಾನೆಟ್ ಎತ್ತಿ ನೋಡಿ, ಧೂಳು ಊದಿ, "ಎಂಜಿನ್ ಮಸ್ತ್ ಐತ್ರಿ ಮೇಡಂ" ಎಂದ. ಎಂಜಿನ್ ಮಸ್ತಾಗಿದ್ದರೂ ಸಂಡೂರಿಗೆ ನಾನು ಎರಡು ಸಲ ತಡವಾಗಿ ತಲುಪಿದೆ.

ತಡವಾದರೆ ಏನು ಎಂದು ಕೇಳಬಹುದು. ನನ್ನ ಕೆಲಸ ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿ. ಸಂಡೂರಿನ ಬಳಿ ಗುಡ್ಡೆ ಹಾಕಿದ ಅದಿರು ಲಾರಿಗೆ ಏರುವ ಮೊದಲೇ ನಾನು ಹೋಗಿ ಸ್ಯಾಂಪಲ್ ತೆಗೆಯಬೇಕು. ಅಲ್ಲಲ್ಲಿಂದ ಎತ್ತಿದ್ದನ್ನು ಒಂದು ಕಡೆ ರಾಶಿ ಮಾಡಿ, ತಟ್ಟಿ ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಎಸೆಯುವುದು. ಉಳಿದದ್ದನ್ನು ಮತ್ತೆ ರಾಶಿ, ಮತ್ತೆ ನಾಲ್ಕು ಪಾಲು. ಕೊನೆಗೆ ಎರಡೆರಡು ಕಿಲೋದ ಮೂರು ಪೊಟ್ಟಣ. ಒಂದು ಮಾರುವವರಿಗೆ, ಒಂದು ಕೊಳ್ಳುವವರಿಗೆ. ಮೂರನೆಯದು ಇಬ್ಬರಿಗೂ ಸೇರದ್ದು. ಗುಣಮಟ್ಟದ ಬಗ್ಗೆ ತಕರಾರು ಬಂದರೆ ಮಾತ್ರ ಅದನ್ನು ಒಡೆಯುತ್ತಾರೆ. ಅಲ್ಲಿಯ ಕೂಲಿಗಳು ಅದನ್ನು ಜಗಳದ ಪೊಟ್ಟಣ ಎಂದು ಕರೆಯುತ್ತಾರೆ. ತಿಂಗಳುಗಟ್ಟಲೆ ಕಾದಿಡಬೇಕು.

ಎರಡನೆಯ ಸಲ ತಡವಾದಾಗ ನಮ್ಮ ಮ್ಯಾನೇಜರ್ ಕರೆಸಿದರು.

"ನೋಡ್ರಿ ಮೇಡಂ, ನಿಮ್ಮ ಕೆಲ್ಸ ಚಲೋ ಐತಿ. ಆದ್ರ ಈ ಡಬ್ಬಿ ಗಾಡ್ಯಾಗ ಗುಡ್ಡದ ಕೆಲ್ಸ ಆಗಂಗಿಲ್ಲ. ಇನ್ನೊಂದು ಸಲ ಲೇಟಾದ್ರ ನೀವು ಒಳಗ ತಕ್ಕಡಿ ಮುಂದ ಕುಂದ್ರಿ. ಸಂಡೂರಿಗೆ ಸ್ವಂತ ಜೀಪ್ ಇದ್ದವ್ರನ್ನ ಕಳಸ್ತೀನಿ."

ಒಳಗಿನ ಕೆಲಸ ಕೆಟ್ಟದ್ದೇನಲ್ಲ. ತಣ್ಣಗಿರುತ್ತದೆ, ಧೂಳಿಲ್ಲ. ಆದರೆ ಘಾಟಿಯಲ್ಲಿ ಒಂದು ತಿರುವಿದೆ. ಅದನ್ನು ದಾಟಿದೊಡನೆ ಸುತ್ತ ಗುಡ್ಡಗಳ ನಡುವೆ ಸಂಡೂರು ಬಟ್ಟಲಲ್ಲಿಟ್ಟಂತೆ ಕಾಣುತ್ತದೆ. ಮಳೆ ಬಿದ್ದ ಮರುದಿನವಾದರೆ ಒಂದು ಗುಡ್ಡ ಕೆಂಪು, ಪಕ್ಕದ್ದು ಹಸಿರು. ಈ ಊರಿನಲ್ಲಿ ನನ್ನದು ಎನಿಸಿದ ಮೊದಲ ಜಾಗ ಅದು. ಅದನ್ನು ಜೀಪಿನವರಿಗೆ ಬಿಟ್ಟುಕೊಡಬೇಕೆ?

ಡೈರಿ ತೆಗೆದು ನೋಡಿದೆ. ಪರ ಹನ್ನೆರಡು, ವಿರೋಧ ಹತ್ತೊಂಬತ್ತು. ಲೆಕ್ಕದ ಮುಂದೆ ಮನಸ್ಸಿನ ಮಾತು ನಡೆಯಬಾರದು ಎಂಬುದು ನನ್ನ ನಿಯಮ. ಒಳಗೆ ಕೂರುವುದೇ ಆದರೆ ಕಾರು ಯಾಕೆ ಎಂದುಕೊಂಡು, ಮಾರುವುದಾಗಿ ಗಂಗಮ್ಮನವರಿಗೆ ಹೇಳಿದೆ. ಮುಂದಿನ ಭಾನುವಾರ ಬೆಳಿಗ್ಗೆ ಅವರ ಗಿರಣಿಗೆ ಭತ್ತ ತರುವ, ಮೆಟ್ರಿ ಎಂಬ ಹಳ್ಳಿಯ ಈರಣ್ಣ ಕಾರು ಕೊಳ್ಳಲೆಂದು ಬಾಗಿಲಲ್ಲಿ ನಿಂತಿದ್ದರು. ಐವತ್ತರ ಆಸುಪಾಸು, ತಲೆಗೆ ಟವೆಲು, ಕಣ್ಣಲ್ಲಿ ತುಂಟತನ.

ಅವರು ಕಾರು ನೋಡಿದ ರೀತಿಯೇ ಬೇರೆ. ಬಾನೆಟ್ ಎತ್ತಲಿಲ್ಲ, ಮೀಟರ್ ನೋಡಲಿಲ್ಲ. ಇಪ್ಪತ್ತು ಹೆಜ್ಜೆ ದೂರ ಹೋಗಿ, ಓಣಿಯ ಆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಪಕ್ಕದಿಂದ ದಿಟ್ಟಿಸಿದರು. ಎತ್ತು ಕೊಳ್ಳುವಾಗ ಹಾಗೆ ನೋಡುತ್ತಾರಂತೆ.

"ಮೇಡಂ, ನಿಮ್ಮ ಇಲಿಮರಿ ಹಿಂದ ಯಾಕ ಕುಂತೈತ್ರಿ?"

"ಎಲ್ಲಿ ಕೂತಿದೆ? ನಿಂತಿದೆಯಲ್ಲ."

"ಮೂತಿ ಮ್ಯಾಲ ಐತಿ ನೋಡ್ರಿ. ಬಂಡ್ಯಾಗ ಹಿಂದ ಭಾರ ಆದ್ರ ನೊಗ ಹಿಂಗ ಮ್ಯಾಲ ಏಳ್ತೈತಿ. ಎತ್ತಿಗೆ ಕುತ್ಗಿ ಬಿಗೀತೈತಿ, ಹೆಜ್ಜಿ ಕೀಳಾಕ ಆಗಂಗಿಲ್ಲ. ಡಿಕ್ಯಾಗ ಏನು ಇಟ್ಟೀರಿ?"

"ಏನಿಲ್ಲ, ಸ್ವಲ್ಪ ಸ್ಯಾಂಪಲ್" ಎಂದೆ. ಅಂದ ಕೂಡಲೇ ನನ್ನ ಕಿವಿ ಬೆಚ್ಚಗಾಯಿತು.

ಲ್ಯಾಬಿನ ಕಪಾಟು ತುಂಬಿತ್ತು, ಹೊಸ ಕೋಣೆಯ ಕಟ್ಟಡ ಇನ್ನೂ ಏಳುತ್ತಿತ್ತು. ಜಗಳದ ಪೊಟ್ಟಣಗಳು ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ ಎಂದು ಲ್ಯಾಬಿನವರು ಹೇಳಿದ್ದರು. ಡಿಕ್ಕಿಯಲ್ಲಿಟ್ಟು ಮೇಲೆ ಹಳೆಯ ಜಮಖಾನ ಹೊದಿಸಿದ್ದೆ. ಒಂದು ಸಲಕ್ಕೆ ಒಂದೇ ಪೊಟ್ಟಣ, ಎರಡು ಕಿಲೋ ಯಾವ ಲೆಕ್ಕ? ಒಂದೊಂದಕ್ಕೂ ತಾರೀಕು, ಸಂಖ್ಯೆ ಹಾಕಿ ಸ್ಯಾಂಪಲ್ ಪುಸ್ತಕದಲ್ಲಿ ಬರೆದಿದ್ದೆ. ಕಾರಿನ ಮೈಲೇಜು ಡೈರಿಯಲ್ಲಿತ್ತು. ಎರಡೂ ಪುಸ್ತಕ ಒಂದೇ ಮೇಜಿನ ಮೇಲಿದ್ದವು. ಒಂದರ ಪಕ್ಕ ಒಂದನ್ನು ತೆರೆದು ನೋಡಿರಲೇ ಇಲ್ಲ.

ಈರಣ್ಣ ಜಮಖಾನ ಎತ್ತಿದರು. ನಗಲು ಶುರುಮಾಡಿದವರು ಗೋಡೆ ಹಿಡಿದುಕೊಂಡರು.

"ಗಂಗಕ್ಕಾ, ಜಲ್ದಿ ಬಾ ಇಲ್ಲಿ! ಸಂಡೂರು ಗುಡ್ಡ ಕರಗಿ ಎಲ್ಲಿ ಹೋಗ್ತೈತಿ ಅಂತ ಎಲ್ರೂ ಕೇಳ್ತಾರಲ್ಲ, ಇಲ್ಲೈತಿ ನೋಡು!"

ಇಳಿಸುತ್ತ ಎಣಿಸಿದೆವು. ನಲವತ್ತಾರು. ಪುಸ್ತಕದಲ್ಲಿ ನಲವತ್ತೇಳು. ಹುಡುಕಿದರೂ ಒಂದು ಸಿಗಲಿಲ್ಲ.

"ಹತ್ತತ್ರ ಒಂದೂಕಾಲು ಚೀಲ ಭತ್ತದ ತೂಕ" ಎಂದರು ಈರಣ್ಣ. "ಇಷ್ಟು ಹೊತ್ತು ದಿನಾ ಘಾಟಿ ಹತ್ತೈತಲ್ರಿ. ಇದು ಇಲಿ ಅಲ್ಲ ಬಿಡ್ರಿ, ಕೋಣ!"

ಗಂಗಮ್ಮನವರು ಮಾತ್ರ ಸೆರಗು ಬಾಯಿಗಿಟ್ಟು ನಗುತ್ತಲೇ ಗದರಿದರು. "ಸೋಮವಾರ ಹಂಪಿಗೆ ಹೋಗುವಾಗ ಹೊಟ್ಟಿ ಉಜ್ಜಿದ್ರ ನನ್ನ ಮೈ ಭಾರ ಅಂತ ನಾನು ರಾತ್ರಿ ಊಟ ಬಿಟ್ಟೀನಿ ಗೊತ್ತೇನವಾ? ಎರಡು ರೊಟ್ಟಿ ಸಾಲ ಐತಿ ನಿನ್ನ ಮ್ಯಾಲೆ!"

ಪೊಟ್ಟಣಗಳಿಗೆ ಅವರ ಮೆಟ್ಟಿಲ ಕೆಳಗಿನ ಕಾಳಿನ ಕೋಣೆಯಲ್ಲಿ ಜಾಗ ಸಿಕ್ಕಿತು. ಮರುದಿನ ಬೆಳಿಗ್ಗೆ ಸಂಡೂರಿಗೆ ಹೊರಟೆ. ಇನ್ನೊಮ್ಮೆ ತಡವಾದರೆ ಸಂಡೂರು ಕೈತಪ್ಪುತ್ತಿತ್ತು. ದಾರಿಯುದ್ದಕ್ಕೂ ಮಡಿಲಲ್ಲಿ ಗಡಿಯಾರ ಇಟ್ಟುಕೊಂಡಿದ್ದೆ. ಮೊದಲ ರಸ್ತೆಯುಬ್ಬಿನಲ್ಲಿ ಉಜ್ಜುವ ಸದ್ದಿಗೆ ಕಾದೆ. ಬರಲಿಲ್ಲ. ಲಾರಿಗಳ ಸಾಲು ಬಂದಾಗ ಪಕ್ಕದ ಮಣ್ಣಿಗಿಳಿದು ಅರವತ್ತಮೂರು ಲಾರಿ ದಾಟಿದೆ. ಮಧ್ಯದಲ್ಲಿ ಒಂದು ದೊಡ್ಡ ಜೀಪು ಮುಂದೆ ಹೋಗಲಾಗದೆ, ಪಕ್ಕಕ್ಕೂ ಸರಿಯಲಾಗದೆ ನಿಂತಿತ್ತು. ಅದರ ಚಾಲಕ ಕೆಳಗೆ ಬಗ್ಗಿ ನನ್ನನ್ನು ನೋಡಿದ. ಘಾಟಿಯಲ್ಲಿ ಕಾರು ಏದಲಿಲ್ಲ. ನನ್ನ ತಿರುವು ಬಂತು, ಬಟ್ಟಲಿನಂಥ ಸಂಡೂರು ಕಂಡಿತು. ಮೂವತ್ತೈದು ನಿಮಿಷ ಮೊದಲೇ ತಲುಪಿದ್ದೆ. ಕಾವಲುಗಾರ ಇನ್ನೂ ಚಹಾ ಕುಡಿಯುತ್ತಿದ್ದ.

ಆ ವಾರವೆಲ್ಲ ಹಾಗೆಯೇ ನಡೆಯಿತು. ಶನಿವಾರ ಮ್ಯಾನೇಜರ್ ಕೇಳಿದರು, "ಹೊಸ ಗಾಡಿ ತಗೊಂಡ್ರೇನು?"

"ಇಲ್ರಿ ಸರ್. ಹಳೇದನ್ನ ಖಾಲಿ ಮಾಡೀನಿ."

ಹೊಸಪೇಟೆಯವರ ಮಾತಿನಲ್ಲಿ ಹಾಗೆ ಹೇಳಿದ್ದು ನಾನೇ. ಆ ಮಾತು ಅವರಿಗೆ ಸಹಜವಾಗಿ ಕೇಳಿಸಿತು. ಬೆಚ್ಚಿದವಳು ನಾನೊಬ್ಬಳೇ. ಸಂಡೂರು ನನ್ನ ಪಾಲಿಗೇ ಉಳಿಯಿತು.

ಕಾರು ಮಾರುವುದಿಲ್ಲ ಎಂದು ಹೇಳಲು ಮೆಟ್ರಿಗೆ ಅದರಲ್ಲೇ ಹೋದೆ. "ಬಾಯಿ ಮುಚ್ಕೊಂಡಿದ್ರ ಕಾರು ನನ್ನ ಅಂಗಳದಾಗ ಇರ್ತಿತ್ತು" ಎಂದು ಈರಣ್ಣ ತಲೆ ಚಚ್ಚಿಕೊಂಡರು. ಆಮೇಲೆ ಅವರ ಮನೆಯವರನ್ನೆಲ್ಲ ಎರಡು ಸರದಿಯಲ್ಲಿ ಕಾಲುವೆಯ ತನಕ ಸುತ್ತಾಡಿಸಿದೆ. ಡೈರಿಯಲ್ಲಿ, ಕಾರಿನಲ್ಲಿ ಕೂತವರ ಪಟ್ಟಿ ಅಂದು ಒಂದೇ ದಿನ ಒಂಬತ್ತು ಏರಿತು. ವಿರೋಧದ ಹತ್ತೊಂಬತ್ತರಲ್ಲಿ ಎಂಟನ್ನು ಹೊಡೆದುಹಾಕಿದೆ. ಅವು ಕಾರಿನವಲ್ಲ, ನನ್ನವು. ಸೆಕೆ, ಧೂಳು, ಹಾರ್ನು ಹಾಗೇ ಉಳಿದವು. ಸುಳ್ಳು ಬರೆಯಬಾರದು.

ದೀಪಾವಳಿಗೆ ಮೈಸೂರಿಗೆ ಬಂದೆ. ಅಪ್ಪ ಅಂಗಳದಲ್ಲಿ ಕಾರು ತೊಳೆದರು. ಮೂರು ಬಕೆಟ್ ಆದರೂ ಕೆಂಪು ನೀರೇ ಹರಿಯಿತು. ಹೊಸಪೇಟೆಯಲ್ಲಿ ನಂಬರು ನೋಡಿದವರು ಮೈಸೂರಿನ ಗಾಡಿ ಎನ್ನುತ್ತಾರೆ. ಇಲ್ಲಿ ಎದುರು ಮನೆಯವರು ಬಣ್ಣ ನೋಡಿ, "ಬಳ್ಳಾರಿ ಕಡೆ ಗಾಡಿನಾ?" ಎಂದರು. ಅಮ್ಮನ ಸಾರಿಗೆ ನಾನು ಖಾರ ಕೇಳಿದೆ. ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದರು.

ಸ್ಟೆಪ್ನಿ ಟೈರಿನ ಗಾಳಿ ನೋಡಲು ಅಪ್ಪ ಅದನ್ನು ಎತ್ತಿದಾಗ ಕೆಳಗಿನ ಗೂಡಿನಲ್ಲಿ ಒಂದು ಪೊಟ್ಟಣ ಸಿಕ್ಕಿತು. ನಲವತ್ತೇಳನೆಯದು.

"ಇದೇನಮ್ಮ, ನಿಮ್ಮೂರಿನ ಸಿಹಿನಾ? ಇಷ್ಟು ಭಾರ ಇದೆ."

ಚೀಟಿಯ ತಾರೀಕು ನೋಡಿದೆ. ಆ ಅದಿರಿನ ವ್ಯವಹಾರ ಯಾವ ತಕರಾರೂ ಇಲ್ಲದೆ ಮುಗಿದುಹೋಗಿತ್ತು. ಇನ್ನು ಇದನ್ನು ಯಾರೂ ಕೇಳುವುದಿಲ್ಲ.

"ಮಾರಿದವರದ್ದೂ ಅಲ್ಲ ಅಪ್ಪ, ಕೊಂಡವರದ್ದೂ ಅಲ್ಲ. ಮಧ್ಯದ್ದು."

"ಹಾಗಾದ್ರೆ ಎಲ್ಲಿಡಲಿ?"

ಸ್ವಲ್ಪ ಯೋಚಿಸಿದೆ. ಅಂಗಳದ ಗಿಡದ ಬುಡಕ್ಕೆ ಸುರಿಯಬಹುದಿತ್ತು. ವಾಪಸು ಹೋಗಿ ಸಂಡೂರಿನ ರಾಶಿಗೆ ಸೇರಿಸಬಹುದಿತ್ತು. ಪೊಟ್ಟಣವನ್ನು ಅಪ್ಪನ ಕೈಯಿಂದ ತೆಗೆದುಕೊಂಡು, ಇದ್ದ ಗೂಡಿನಲ್ಲೇ ಇಟ್ಟು, ಮೇಲೆ ಸ್ಟೆಪ್ನಿ ಮುಚ್ಚಿದೆ. ಅಂದಿನ ಪುಟದಲ್ಲಿ ಬರೆದೆ: "ಪೊಟ್ಟಣ ನಲವತ್ತೇಳಕ್ಕೆ ನಲವತ್ತೇಳು. ಕಾರಿನಲ್ಲಿ ಉಳಿದದ್ದು ಒಂದು, ಎರಡು ಕಿಲೋ. ಮೈಲೇಜು ಮತ್ತೆ ಹದಿನೆಂಟು, ಹೊಸಪೇಟೆಯಿಂದ ಮೈಸೂರಿನವರೆಗೂ."