ಎಂಟರ ಮೇಲಿನ ಕೈ

ಹಸಿ ಬಣ್ಣ ಮುಟ್ಟಬೇಡಿರೋ ಎಂದು ಬಾಯಿ ಹರಿದುಕೊಂಡರೂ ನಮ್ಮ ಮಂದಿ ಕೇಳುವುದಿಲ್ಲ. ಬನಹಟ್ಟಿಯಲ್ಲಿ ನನ್ನದು ಲಾರಿಗೆ ಬಣ್ಣ ಹಚ್ಚಿ ನಂಬರ್ ಬರೆಯುವ ಕೆಲಸ. ದಸರೆಯ ಖಂಡೇಪೂಜೆ ಬಂತೆಂದರೆ ಎಲ್ಲರ ಗಾಡಿಯೂ ಒಮ್ಮೆಲೇ ಹೊಸದಾಗಬೇಕು, ಬಣ್ಣ ಆರುವಷ್ಟು ಪುರುಸೊತ್ತು ಮಾತ್ರ ಯಾರಿಗೂ ಇಲ್ಲ. ಚಿಮ್ಮಡದ ಭೀಮಪ್ಪನ ಲಾರಿಯೂ ಆ ವರ್ಷ ಹಸಿ ಮೈಯಲ್ಲೇ ಮನೆಗೆ ಹೋಯಿತು. ಹಿಂದಿನ ಹಲಗೆಗೆ ಹಳದಿ ಬಳಿದು ಅದರ ಮೇಲೆ ಕರಿ ಅಂಕಿಗಳನ್ನು ಆಗಷ್ಟೇ ಬರೆದಿದ್ದೆ. ಸಂಜೆತನಕ ಯಾರೂ ಕೈ ಹಚ್ಚಬಾರದೆಂದು ಹೇಳಿಯೇ ಕಳಿಸಿದ್ದೆ.

ಅವನ ಹೆಂಡತಿ ಶಂಕ್ರೆವ್ವ ಕೇಳುವ ಪೈಕಿಯೇ? ಕಾಯಿ ಒಡೆದು, ಆರತಿ ಎತ್ತಿ, ಕುಂಕುಮ ಕಲಸಿದ ಅಂಗೈಯನ್ನು ನೇರ ಆ ನಂಬರಿನ ಮೇಲೆಯೇ ಒತ್ತಿದಳು. ಐದೂ ಬೆರಳು ಬಣ್ಣದಲ್ಲಿ ಇಳಿದವು. ಹೆಬ್ಬೆರಳು ಕೊನೆಯ ಎಂಟರ ಎಡಮಗ್ಗುಲನ್ನು ಒರೆಸಿ ಮೂರು ಮಾಡಿಬಿಟ್ಟಿತು. ಪೂಜೆಗೆಂದು ಅವರ ಮನೆಗೆ ಹೋಗಿದ್ದ ನಾನು ಅದನ್ನು ನೋಡಿ ಕೆಂಡಾಮಂಡಲವಾದೆ. ಆಕೆ ನಕ್ಕು ಹೋಳಿಗೆಯ ತಟ್ಟೆ ಮುಂದಿಟ್ಟಳು, ನಾನೂ ತಿಂದು ಸುಮ್ಮನಾದೆ. ಕೆಳಗಿನ ತಗಡಿನ ಪ್ಲೇಟಿನಲ್ಲಿ ನಂಬರ್ ಸರಿಯಾಗಿಯೇ ಇತ್ತು. ಹಲಗೆಯದನ್ನು ಬಿಡುವಾದಾಗ ತಿದ್ದಿದರಾಯಿತು ಎಂದುಕೊಂಡೆವು.

ಈ ಭೀಮಪ್ಪನಂಥ ಕಾಯ್ದೆಯ ಮನುಷ್ಯನನ್ನು ನಾನು ನೋಡಿಲ್ಲ. ಇಲ್ಲಿಂದ ಸೀರೆಯ ಗಂಟು ಹೇರಿಕೊಂಡು ಕಾಗವಾಡ ದಾಟಿ ಮಹಾರಾಷ್ಟ್ರದ ಇಚಲಕರಂಜಿಗೆ ಹೋಗುವುದು, ಅಲ್ಲಿಂದ ನೂಲು ತರುವುದು. ನ್ಯಾಷನಲ್ ಪರ್ಮಿಟ್, ಇನ್ಶೂರೆನ್ಸ್, ಫಿಟ್‌ನೆಸ್, ಹೊಗೆಯ ಸರ್ಟಿಫಿಕೇಟ್, ಒಂದೂ ಒಂದು ದಿನ ತಪ್ಪಿದ್ದಿಲ್ಲ. ನಮ್ಮ ಜಿಲ್ಲೆಯಲ್ಲಿ ತಪ್ಪಿದರೆ ಗುರುತಿನವರು ಯಾರಾದರೂ ಸಿಗುತ್ತಾರೆ, ಗಡಿಯಾಚೆ ನಮಗ್ಯಾರು ದಿಕ್ಕು ಎನ್ನುತ್ತಿದ್ದ. ಗಾಡಿಯಲ್ಲಿ ಕ್ಲೀನರ್ ಇಲ್ಲ, ಹಾಡು ಇಲ್ಲ. ಮನೆಯಲ್ಲಿ ಮಕ್ಕಳಿಲ್ಲ. ಗಂಡ ಹೆಂಡತಿ ಇಬ್ಬರೇ, ಅದರಲ್ಲೂ ಗಂಡ ಸದಾ ಹಾದಿಯ ಮೇಲೆ.

ಸಂಕ್ರಾಂತಿ ಕಳೆದ ಮೇಲೆ ಎದೆನೋವೆಂದು ಕಟ್ಟೆಯ ಮೇಲೆ ಕೂತ ಶಂಕ್ರೆವ್ವ ಏಳಲೇ ಇಲ್ಲ. ಆಗ ಅವನು ಇಚಲಕರಂಜಿಯಲ್ಲಿ ಗಂಟು ಇಳಿಸುತ್ತಿದ್ದ. ಬರುವತನಕ ಮಣ್ಣು ಮಾಡದೆ ಕಾದೆವು. ಬಂದವನು ಅಳಲಿಲ್ಲ. ದಿನಕಾರ್ಯವೆಲ್ಲ ಮುಗಿದ ಮೇಲೆ ನಾನು ನಂಬರ್ ತಿದ್ದಲು ಕುಂಚ ಹಿಡಿದುಕೊಂಡು ಹೋದರೆ ನನ್ನ ಮುಂಗೈಯನ್ನೇ ಹಿಡಿದುಕೊಂಡ.

"ಅದನ್ನೊಂದ ಮುಟ್ಟಬ್ಯಾಡ, ನಿಂಗಣ್ಣ," ಅಂದ.

ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದ ಆ ಮೂರು, ಬೇಸಿಗೆಯಲ್ಲಿ ಮಿರಜದ ಹತ್ತಿರ ತಪಾಸಣೆಯವರ ಕಣ್ಣಿಗೆ ಬಿತ್ತು. ಅವರನ್ನು ಬಯ್ದು ಫಲವಿಲ್ಲ. ಹೊರರಾಜ್ಯದ ಗಾಡಿ, ಪ್ಲೇಟಿನಲ್ಲಿ ಎಂಟು, ಹಲಗೆಯಲ್ಲಿ ಮೂರು, ಕದ್ದ ಗಾಡಿ ಎನ್ನದೆ ಮತ್ತೇನು ಅಂದಾರು? ಕಾಗದವೆಲ್ಲ ಸರಿಯಿದ್ದುದರಿಂದ ದಂಡ ಹಾಕಿ ಬಿಟ್ಟರು. ತಿದ್ದಿಸದೆ ಇನ್ನೊಮ್ಮೆ ಬಂದರೆ ಗಾಡಿಯನ್ನೇ ಹಿಡಿದಿಡುತ್ತೇವೆ ಎಂದು ಹೇಳಿ ಕಳಿಸಿದರು.

ಭೀಮಪ್ಪ ತಿದ್ದಿಸಲಿಲ್ಲ, ಗಡಿ ದಾಟುವುದನ್ನೇ ಬಿಟ್ಟ. ಜಮಖಂಡಿ, ಮುಧೋಳ, ಬೀಳಗಿ ಎಂದು ಸಿಕ್ಕಷ್ಟು ಬಾಡಿಗೆ ಹೊಡೆದ. ಸಿಗದ ದಿನ ಲಾರಿಯನ್ನು ಊರ ಹೊರಗಿನ ಬೇವಿನ ಮರದ ಕೆಳಗೆ ನಿಲ್ಲಿಸಿ, ಅದರ ಹಿಂದೆಯೇ ಟವೆಲ್ ಹಾಸಿ ಕೂತಿರುತ್ತಿದ್ದ. ಮನೆಗೆ ಹೋಗಪ್ಪಾ ಎಂದರೆ ಹ್ಞೂಂ ಅನ್ನುತ್ತಿದ್ದ, ಹೋಗುತ್ತಿರಲಿಲ್ಲ. ಊಟ ಖಾನಾವಳಿಯಲ್ಲಿ. ಕೊನೆಗೆ ಸೀರೆ ವ್ಯಾಪಾರಿ ಚಿದಾನಂದ, ಸೋಮವಾರ ಇಚಲಕರಂಜಿಗೆ ಗಾಡಿ ಹೊರಡದಿದ್ದರೆ ತನ್ನ ಮಾಲನ್ನು ಕಾಯಂ ಆಗಿ ಬೇರೆಯವರಿಗೆ ಕೊಡುವುದಾಗಿ ಹೇಳಿ ಕಳಿಸಿದ. ಆ ಶನಿವಾರ ಭೀಮಪ್ಪ ತಾನಾಗಿಯೇ ಲಾರಿಯನ್ನು ನನ್ನ ಶೆಡ್ಡಿನ ಮುಂದೆ ತಂದು ನಿಲ್ಲಿಸಿದ.

ನಾನು ಅಷ್ಟು ದಿನ ತಲೆ ಕೆಡಿಸಿಕೊಂಡು ಒಂದು ಉಪಾಯ ಹುಡುಕಿಟ್ಟಿದ್ದೆ. ಆ ಹಲಗೆಯನ್ನೇ ಹುಷಾರಾಗಿ ಬಿಚ್ಚಿ ಕೊಡುತ್ತೇನೆ, ಮನೆಯಲ್ಲಿ ದೇವರ ಜಗಲಿಯ ಹತ್ತಿರ ಇಟ್ಟುಕೋ, ಗಾಡಿಗೆ ಹೊಸ ಹಲಗೆ ಕೂಡಿಸೋಣ ಎಂದೆ. ಕೈಯೂ ಉಳಿಯಿತು, ಕಾಯ್ದೆಯೂ ಉಳಿಯಿತು ಎಂದು ನನಗೆ ಭಾರಿ ಹೆಮ್ಮೆ. ಅವನು ಹಲಗೆಯನ್ನೇ ನೋಡುತ್ತ ನಿಂತಿದ್ದ.

"ಒಮ್ಮೆರ ನನ್ನ ಜೋಡಿ ಕರಕೊಂಡ ಹೋಗು ಅಂತಿದ್ಲು," ಅಂದ. "ಮಾಲಿನ ಗಾಡ್ಯಾಗ ಹೆಣ್ಮಕ್ಕಳ್ನ ಕುಂಡ್ರಿಸಿದ್ರ ಆಕಡಿ ದಂಡ ಹಾಕ್ತಾರ ಅಂತ ಬಿಟ್ಟ ಹೋಗ್ತಿದ್ನಿ. ಪ್ರತಿ ಸಲಾನೂ ಬಿಟ್ಟ ಹೋದ್ನಿ."

ನಾನು ಬಣ್ಣದ ಡಬ್ಬಿ ಕಲಕುತ್ತ ಕೂತೆ.

"ಹಲಿಗಿ ಬಿಚ್ಚಬ್ಯಾಡ," ಅಂದ. "ಹಂಗ ಮ್ಯಾಲ ಹಚ್ಚು, ಕೆರಿಬ್ಯಾಡ. ಬಣ್ಣದ ಬುಡಕ ಇರ್ಲಿ. ಮನ್ಯಾಗ ಆಕಿನ್ನ ಒಬ್ಬಾಕಿನ್ನ ಬಿಟ್ಟ ಹೋಗೂದು ಸಾಕಾತು."

ಹಳೆಯದನ್ನು ಕೆರೆಯದೆ ಹಚ್ಚಿದ ಬಣ್ಣ ಬಾಳುವುದಿಲ್ಲ, ಕಸುಬಿನವನಿಗೆ ಅದು ನಾಚಿಕೆಗೇಡು. ಆದರೂ ನಾನು ಕೆರೆಯಲಿಲ್ಲ. ಬೆರಳುಗಳ ಮೇಲೆ ಒಂದೊಂದಾಗಿ ಹಳದಿ ಎಳೆದೆ, ಆರಿದ ಮೇಲೆ ನಂಬರನ್ನು ಪೂರ್ತಿ ಬರೆದೆ. ಸೋಮವಾರ ಮುಂಜಾನೆ ಸೀರೆಯ ಗಂಟು ಹೇರಿ ಹಗ್ಗ ಬಿಗಿದಾದ ಮೇಲೆ ಅವನು ಲಾರಿಯ ಹಿಂದೆ ಬಂದು ನಿಂತು, "ಹೊರಡೂಣೇನು?" ಎಂದು ಮೆಲ್ಲಗೆ ಕೇಳಿದ.

ನನಗೆ ಶೆಡ್ಡಿನಲ್ಲಿ ಕೆಲಸವಿದೆ ಎನ್ನಲು ಹೊರಟೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ಆ ಎಂಟನ್ನು ನೋಡುತ್ತಿದ್ದ.