ಕೈಯಿಂದ ಕೈಗೆ ಕೊಡದ ಸೂಲಗಿತ್ತಿ

ಕಿಟಕಿಯ ನೀಲಿ ಪರದೆಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಸೀಮೆಎಣ್ಣೆ ದೀಪದ ಪಕ್ಕದಲ್ಲಿ ಮಗು ಹುಟ್ಟುತ್ತದೆ, ಅಳುತ್ತದೆ. ಸಲೋಮಾ ಯುಟ್ಜಿ ಅದರ ಬಾಯಿ, ಮೂಗು ಒರೆಸಿ, ಹೊಕ್ಕುಳಬಳ್ಳಿ ಕತ್ತರಿಸಿ, ಬಟ್ಟೆಯಲ್ಲಿ ಸುತ್ತುತ್ತಾರೆ. ಬಾಣಂತಿ ಕೈ ಚಾಚುವುದಿಲ್ಲ. ಪಕ್ಕದಲ್ಲೇ ನಿಂತಿರುವ ಅವಳ ಅತ್ತೆ ಫ್ಯಾನಿ ಎರಡೂ ಕೈಗಳನ್ನು ಏಪ್ರನ್ನಿನ ಕೆಳಗೆ ಬಚ್ಚಿಟ್ಟುಕೊಂಡಿದ್ದಾರೆ. ಸಲೋಮಾ ಮಗುವನ್ನು ಮಂಚದ ತುದಿಯ ಕೌದಿಯ ಮೇಲೆ ಮಲಗಿಸಿ, ಖಾಲಿ ಅಂಗೈಗಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಂದೆ ಸರಿಯುತ್ತಾರೆ.

ಅಳು ಥಟ್ಟನೆ ನಿಲ್ಲುತ್ತದೆ. ಆಮೇಲೆ ಫ್ಯಾನಿ ಬಾಗಿ ಮೊಮ್ಮಗುವನ್ನು ಎತ್ತಿಕೊಳ್ಳುತ್ತಾರೆ. ಅದು ಮತ್ತೆ ಅಳತೊಡಗುತ್ತದೆ.

"ಎಲ್ಲಾ ಮಕ್ಕಳೂ ಹೀಗೇ," ಎನ್ನುತ್ತಾರೆ ಸಲೋಮಾ, ಅಂಗಳದ ಪಂಪಿನಲ್ಲಿ ಕೈ ತೊಳೆಯುತ್ತಾ. "ಯಾರ ಕೈಯಲ್ಲೂ ಇಲ್ಲದ ಆ ಗಳಿಗೇಲಿ ಸುಮ್ಮನಾಗಿಬಿಡ್ತಾವೆ. ಕಣ್ಣು ಬಿಟ್ಟು ಯಾರನ್ನೋ ನೋಡ್ತಾವೆ. ನಮ್ಮನ್ನಲ್ಲ. ಯಾರನ್ನ ಅಂತ ನಂಗೆ ಇನ್ನೂ ಗೊತ್ತಾಗಿಲ್ಲ."

ಅಮೆರಿಕದ ಒಹಾಯೊದ ಪೂರ್ವದ ಗುಡ್ಡಗಳ ನಡುವೆ, ಕಾರು, ಫೋನುಗಳನ್ನು ಇಟ್ಟುಕೊಳ್ಳದೆ ಹಳೆಯ ಕಾಲದಂತೆ ಬದುಕುವ ಆಮಿಶ್ ಎಂಬ ಕ್ರೈಸ್ತ ಪಂಗಡದ ಈ ಊರಿನಲ್ಲಿ ನಡೆದಾಡುವ ಮಕ್ಕಳೆಲ್ಲ ಹೆಚ್ಚುಕಡಿಮೆ ಸಲೋಮಾ ಹೆರಿಗೆ ಮಾಡಿಸಿದವರೇ. ಅರವತ್ತು ದಾಟಿದ ಅವರಿಗೆ ಚರ್ಚಿನ ಸಭೆ ಬಹಿಷ್ಕಾರ ಹಾಕಿ ಹತ್ತು ವರ್ಷವಾಗಿದೆ. ಪ್ರಾಯಕ್ಕೆ ಬಂದು ದೀಕ್ಷಾಸ್ನಾನ ಪಡೆದ ಯಾರೂ ಅವರ ಜೊತೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ, ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಮಾತಾಡಬಹುದು. ಅವರು ಇಟ್ಟದ್ದನ್ನು ಎತ್ತಿಕೊಳ್ಳಬಹುದು. ಹುಟ್ಟಿದ ಮಗುವಿಗೂ ಇದೇ ನಿಯಮ. ತಾಯಿಯ ಎದೆಯ ಮೇಲೆ ಇಡುವುದೂ ಕೈಗೆ ಕೊಟ್ಟಂತೆಯೇ ಎಂದು ಬಿಷಪ್ ಹೇಳಿದ್ದಾರೆ. ದೀಕ್ಷೆಯಾಗದ ದೊಡ್ಡ ಮಕ್ಕಳಿರುವ ಮನೆಯಲ್ಲಿ ಅವರೇ ಮಗುವನ್ನು ಇಸಿದುಕೊಳ್ಳುತ್ತಾರೆ. ಚೊಚ್ಚಲ ಹೆರಿಗೆಯ ಮನೆಗಳಲ್ಲಿ ಕೌದಿಯೇ ಗತಿ.

ಅವರ ತಪ್ಪು ಏಪ್ರನ್ನಿನ ಜೇಬಿನಲ್ಲೇ ಇದೆ: ಒಂದು ಮೊಬೈಲ್ ಫೋನು. ಹಿಂದೊಮ್ಮೆ ಹೆತ್ತ ಹುಡುಗಿಯೊಬ್ಬಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ಗಂಡ ಕುದುರೆ ಗಾಡಿ ಕಟ್ಟಿಕೊಂಡು, ಹೆದ್ದಾರಿ ಬದಿಯ ಫೋನಿನ ಗೂಡಿಗೆ ಹೋಗಿ ಆಂಬುಲೆನ್ಸ್ ಕರೆಸುವಷ್ಟರಲ್ಲಿ ಹುಡುಗಿ ತಣ್ಣಗಾಗಿದ್ದಳು. ಮುಂದಿನ ವಾರ ಸಲೋಮಾ ಫೋನು ಕೊಂಡರು. ಸಭೆ ಅದನ್ನು ಬಿಡು ಎಂದಿತು. ಎಲ್ಲರೆದುರು ಮೊಣಕಾಲೂರಿ ತಪ್ಪಾಯಿತು ಎಂದಿದ್ದರೆ ಕೆಲವೇ ವಾರಗಳಲ್ಲಿ ಎಲ್ಲ ಮುಗಿಯುತ್ತಿತ್ತು.

"ಅವತ್ತು ಮೊಣಕಾಲೂರಿ, ಮಾರನೇ ದಿನ ಫೋನು ಎತ್ಕೋತಿದ್ದೆ. ದೇವರ ಮುಂದೆ ಸುಳ್ಳು ಹೇಳಿದ ಹಾಗಾಗ್ತಿತ್ತಲ್ಲ," ಎನ್ನುತ್ತಾರೆ. ಆಮೇಲೆ ಸಣ್ಣಗೆ ನಗುತ್ತಾರೆ. "ಈಗ ಹೆರಿಗೆಗೆ ಕರೆಯೋಕೆ ಬರೋ ಗಂಡಸರು ಮೊದಲು ಕೇಳೋದೇನು ಗೊತ್ತಾ? 'ಅದು ಜೇಬಲ್ಲಿದೆ ತಾನೇ? ಚಾರ್ಜ್ ಇದೆಯಾ?' ಅಂತ."

ಮನೆಯಲ್ಲೂ ನಿಯಮ ಸಡಿಲವಲ್ಲ. ಗಂಡ ಈನೊಸ್ ದೀಕ್ಷೆ ಪಡೆದವರು. ಅಡುಗೆಮನೆಯಲ್ಲಿ ಎರಡು ಮೇಜುಗಳಿವೆ, ನಡುವೆ ಬೆರಳಗಲದ ಸಂದು, ಮೇಲೆ ಒಂದೇ ಬಟ್ಟೆ. ನೋಡಿದವರಿಗೆ ಗಂಡ ಹೆಂಡತಿ ಒಟ್ಟಿಗೆ ಊಟಕ್ಕೆ ಕೂತಂತೆಯೇ ಕಾಣುತ್ತದೆ. ಸಲೋಮಾ ಸೇಬಿನ ಗೊಜ್ಜಿನ ಬಟ್ಟಲನ್ನು ಸಂದಿನವರೆಗೆ ತಳ್ಳಿ ಕೈ ತೆಗೆಯುತ್ತಾರೆ. ಈನೊಸ್ ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ.

"ಉಪ್ಪು ಕಮ್ಮಿ," ಎನ್ನುತ್ತಾರೆ ಈನೊಸ್, ನೂಡಲ್ಸ್ ಬಾಯಿಗಿಟ್ಟು.

"ಬಹಿಷ್ಕಾರ ಹಾಕಿಸ್ಕೊಂಡೋಳ ಅಡುಗೆಗೆ ಹೆಸರಿಡಬೇಡಿ. ಉಪ್ಪು ನಿಮ್ಮ ಕಡೇನೇ ಇದೆ."

ಇಬ್ಬರೂ ನಗುತ್ತಾರೆ. ಬಟ್ಟೆ ಮಾತ್ರ ಆ ಸಂದಿನ ಮೇಲೆ ಸ್ವಲ್ಪ ಕುಸಿದುಕೊಂಡೇ ಇರುತ್ತದೆ.

ಈ ನಿಯಮದಿಂದ ಒಂದು ಜೀವ ಹೋಗುವುದರಲ್ಲಿತ್ತು. ಬಹಿಷ್ಕಾರವಾದ ಹೊಸದರಲ್ಲಿ ಒಂದು ಕೂಸು ಉಸಿರಿಲ್ಲದೆ ಹುಟ್ಟಿತು. ಸಲೋಮಾ ಬೆನ್ನು ಉಜ್ಜಿ, ಬಾಯಿಗೆ ಬಾಯಿಟ್ಟು ಊದಿ, ಅದು ಕೆಮ್ಮಿದ ಸಂತೋಷದಲ್ಲಿ ಎಲ್ಲ ಮರೆತು ಅಜ್ಜಿಯ ಕಡೆಗೆ ಚಾಚಿದರು. ಅಜ್ಜಿಯೂ ಮರೆತು ಎರಡೂ ಕೈ ಒಡ್ಡಿದಳು. ಸಲೋಮಾ ಬಿಟ್ಟರು. ಅಷ್ಟರಲ್ಲಿ ಅಜ್ಜಿಗೆ ನೆನಪಾಗಿ ಕೈ ಹಿಂದಕ್ಕೆ ಎಳೆದುಕೊಂಡಳು.

"ನನ್ನ ಮೊಣಕಾಲು ಮುಂದೆ ಹೋಗಿದ್ದಕ್ಕೆ ಕೂಸು ಮಡಿಲಿಗೆ ಬಿತ್ತು. ಅವಳದೂ ತಪ್ಪಲ್ಲ, ನಂದೂ ತಪ್ಪಲ್ಲ. ಅವಳು ಆಮೇಲೆ ತನ್ನ ಕೈಗಳನ್ನೇ ನೋಡ್ಕೊಂಡು ಕೂತಿದ್ದಳು, ಯಾರದೋ ಕೈ ಅನ್ನೋ ಹಾಗೆ."

ಈಗ ಅವರ ಎದೆಯಲ್ಲಿರುವ ಭಾರವೇ ಬೇರೆ. ಒಬ್ಬಳೇ ಮಗಳು ಸವಿಲ್ಲಾಗೆ ದಿನ ತುಂಬಿದೆ. ಅಳಿಯ ಮಾಲನ್‌ನನ್ನು ಹಿಂದಿನ ವಸಂತದಲ್ಲಿ ಚೀಟಿ ಎತ್ತಿ ಉಪದೇಶಕನನ್ನಾಗಿ ಆರಿಸಿದ್ದಾರೆ. ಉಪದೇಶಕನ ಹೆಂಡತಿ ತಪ್ಪಿದರೆ ಸಭೆ ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಮದುವೆಯಲ್ಲಿ ಸಲೋಮಾ ಮಗಳಿಗೆ ಒಂದು ಹೂವನ್ನೂ ಕೈಯಾರೆ ಕೊಟ್ಟಿಲ್ಲ. ಮೊಮ್ಮಗುವನ್ನಾದರೂ ಒಮ್ಮೆ ಮಗಳ ಕೈಗೆ ಕೊಡಬೇಕು ಎನ್ನುವುದು ಅವರ ಆಸೆ.

ಮಂಜು ಕವಿದ ಒಂದು ಮುಂಜಾನೆ ಮಾಲನ್ ಬಂದು ಬೇಲಿಯಾಚೆ ನಿಲ್ಲುತ್ತಾನೆ. ಮಂಜಿನಲ್ಲಿ ಅವನ ಕಪ್ಪು ಟೋಪಿಯಷ್ಟೇ ಕಾಣುತ್ತದೆ.

"ಶುರುವಾಗಿದೆ, ಅತ್ತೆ. ಜೇಬಲ್ಲಿ ಅದು..."

"ಇದೆ, ನಡಿ."

ಹೆರಿಗೆ ಸುಸೂತ್ರ. ಹೆಣ್ಣು ಮಗು. ಸಲೋಮಾ ಬಟ್ಟೆ ಸುತ್ತುವಾಗ ಮಾಲನ್ ಗೋಡೆ ಕಡೆ ನೋಡುತ್ತಾ, "ನಾನು ಕುದುರೆ ಬಿಚ್ಚಿ ಬರ್ತೀನಿ," ಎನ್ನುತ್ತಾನೆ. ಬಿಚ್ಚಿದ ಕುದುರೆ ಆಗಲೇ ಲಾಯದಲ್ಲಿ ಹುಲ್ಲು ಮೇಯುತ್ತಿರುವುದು ಮೂವರಿಗೂ ಗೊತ್ತು. ಬಾಗಿಲು ಮುಚ್ಚುತ್ತದೆ. ಹೆಜ್ಜೆ ಸಪ್ಪಳ ಮೆಟ್ಟಿಲಿಳಿದು ದೂರವಾಗುತ್ತದೆ.

ಸವಿಲ್ಲಾ ಎರಡೂ ಕೈ ಚಾಚುತ್ತಾಳೆ. "ಅಮ್ಮಾ, ಕೊಡು. ಯಾರೂ ಇಲ್ಲ."

ಸಲೋಮಾ ಮಗುವಿನ ಮುಖ ನೋಡುತ್ತಾ ನಿಂತೇ ಇದ್ದಾರೆ. ಮಗಳ ಬೆರಳು ಬಟ್ಟೆಯ ಅಂಚನ್ನು ಇನ್ನೇನು ಮುಟ್ಟಬೇಕು.

"ಸಭೆಯವರು ಕೇಳಿದರೆ ನಾನು ಏನು ಹೇಳಲಿ, ಕಂದಾ?"

"ಏನೂ ಹೇಳಬೇಡ!"

"ಹೇಳದೇ ಇದ್ದರೂ ಹೇಳಿದ ಹಾಗೇ."

ಮಗುವನ್ನು ಕೌದಿಯ ಮೇಲೆ ಮಲಗಿಸಿ, ನೋಡುವವರು ಯಾರೂ ಇಲ್ಲದಿದ್ದರೂ ಅಂಗೈ ಎತ್ತಿ ತೋರಿಸಿ, ಹಿಂದೆ ಸರಿಯುತ್ತಾರೆ. ಮೊಮ್ಮಗಳೂ ಸುಮ್ಮನಾಗುತ್ತಾಳೆ. ಮೂಲೆಯ ಕಡೆಗೆ ನೆಟ್ಟ ಆ ನೋಟವನ್ನು ಈ ಸಲ ಸಲೋಮಾ ಅನುಸರಿಸುವುದಿಲ್ಲ. ಸವಿಲ್ಲಾ ಅಳುತ್ತಾ ಮಗುವನ್ನು ಎಳೆದು ಎದೆಗೊತ್ತಿಕೊಳ್ಳುತ್ತಾಳೆ.

ಮಾರನೆಯ ಬೆಳಿಗ್ಗೆ ಸಭೆಯ ಡೀಕನ್ ಟೋಬಿಯಾಸ್ ಬರುತ್ತಾರೆ. ಊರಿನ ನಡತೆ ವಿಚಾರಿಸುವುದು ಅವರ ಹೊಣೆ. ಸಲೋಮಾಗೂ ಅವರಿಗೂ ಒಂದೇ ಶಾಲೆ, ಒಂದೇ ಬೆಂಚು. ಬೇಲಿಯಾಚೆ ನಿಂತು ಟೋಪಿಯ ಅಂಚು ತಿರುಗಿಸುತ್ತಾರೆ.

"ಮಗು ಚೆನ್ನಾಗಿದೆಯಂತೆ."

"ಚೆನ್ನಾಗಿದೆ. ಮೂಗು ಮಾತ್ರ ಅಪ್ಪನದು, ಪಾಪ."

ಟೋಬಿಯಾಸ್ ನಗುವುದಿಲ್ಲ. "ಮಾಲನ್ ಲಾಯದಲ್ಲಿದ್ದನಂತೆ. ಸಲೋಮಾ, ಸವಿಲ್ಲಾ ಮಗುವನ್ನ ನಿನ್ನ ಕೈಯಿಂದ ತಗೊಂಡಳಾ?"

"ಇಲ್ಲ."

ಟೋಬಿಯಾಸ್ ಮತ್ತೊಂದು ಪ್ರಶ್ನೆ ಕೇಳುವುದಿಲ್ಲ. ಮಗಳ ಮನೆಗೆ ಹೋಗಿ ವಿಚಾರಿಸುವುದೂ ಇಲ್ಲ. ತಲೆಯಾಡಿಸಿ, ಟೋಪಿ ಹಾಕಿಕೊಂಡು ಗಾಡಿ ಹತ್ತುತ್ತಾರೆ. ಗೊರಸಿನ ಸದ್ದು ಮಂಜಿನೊಳಗೆ ಅಡಗುವವರೆಗೂ ಸಲೋಮಾ ಬೇಲಿಯ ಬಳಿಯೇ ನಿಲ್ಲುತ್ತಾರೆ.

"ಹತ್ತು ವರ್ಷ ಆಯ್ತು, ನನ್ನ ಕೈಯಿಂದ ಒಂದು ಲೋಟ ನೀರೂ ತಗೊಂಡಿಲ್ಲ ಇವರು," ಎನ್ನುತ್ತಾರೆ. "ನನ್ನ ಮಾತನ್ನ ಮಾತ್ರ ಇಲ್ಲೀವರೆಗೂ ಯಾರೂ ಬೇಡ ಅಂದಿಲ್ಲ."