ಅರ್ಧ ತಿರುವು
ಬಿಲ್ಲು ರಿಪೇರಿಯವನಿಗೆ 'ಗುಂಡುತೂತು' ಎಂದೇ ಅಡ್ಡಹೆಸರು. ಯಾರೇ ಬಿಲ್ಲು ತಂದರೂ ಮೊದಲು ಚೌಕಟ್ಟಿಗೆ ಬಿಗಿದ ಕಾಗದಕ್ಕೆ ಬಾಣ ಬಿಡಿಸುತ್ತಾನೆ. ಬಾಣ ನೆಟ್ಟಗೆ ಹೋದರೆ ತೂತು ಗುಂಡಗೆ ಬೀಳಬೇಕು; ಹಾಗಾಗದೆ ಪಕ್ಕಕ್ಕೆ ಹರಿದಿದ್ದರೆ ತನ್ನ ಅಂಗಿಯೇ ಹರಿದಂತೆ ಹೌಹಾರುತ್ತಾನೆ. ಆಮೇಲೆ, ಈ ರಾಟೆಬಿಲ್ಲುಗಳಲ್ಲಿ ಹೆದೆಯ ಜೊತೆಗಿರುವ ಕೇಬಲ್ಲಿನ ತುದಿ ಕವಲೊಡೆದು ರಾಟೆಯ ಎರಡೂ ಪಕ್ಕ ಹಿಡಿಯುವ ಕಡೆ, ಒಂದು ಕವಲಿನ ಹುರಿ ಬಿಗಿದು ಇನ್ನೊಂದರದು ಸಡಿಲಿಸಿ, ರಾಟೆಯ ವಾಲು ಸರಿಪಡಿಸಿ, "ಅರ್ಧ ತಿರುವು ಕೊಟ್ಟೆ ನೋಡಿ, ಅರ್ಧವೇ! ಇನ್ನು ಗುರಿ ತಪ್ಪಿದ್ರೆ ತಪ್ಪು ನಿಮ್ದು!" ಎಂದು ಬೀದಿಗೆಲ್ಲ ಸಾರುತ್ತಾನೆ. ಭುಜಕ್ಕೆ ಪೆಟ್ಟಾಗಿ ಬಿಲ್ಲು ಬಿಟ್ಟಿದ್ದ ಅವನ ಹೆಂಡತಿ ಈಗ ಮತ್ತೆ ಬಿಲ್ಲು ಹಿಡಿದಿದ್ದಾಳೆ. ಅವಳು ಏಳುವ ಮೊದಲೇ, ಆ ಭುಜಕ್ಕೆ ಹೊಂದುವಂತೆ, ಅವಳ ಬಿಲ್ಲಿನ ಕವಲಿಗೂ ಅರ್ಧ ತಿರುವು ಕೊಟ್ಟಿಡುತ್ತಾನೆ. "ರೀ, ತೂತು ಗುಂಡಗೆ ಬಿತ್ತು! ಭುಜ ಸರಿಹೋಯ್ತು ಕಣ್ರೀ!" ಎಂದು ಅವಳು ಕುಣಿದಾಗ ಈ ಬಾಯಿಬಡುಕ, "ಹೌದಲ್ವೇನೇ! ನಾನಂತೂ ಬಿಲ್ಲು ಮುಟ್ಟೇ ಇಲ್ಲ" ಎನ್ನುತ್ತಾನೆ.